‘ದಿ ಮ್ಯಾಂಗೋ ಟೇಸ್ಟ್ಸ್ ಸ್ವೀಟ್’: ಇಲ್ಲಿ ‘ಸ್ವೀಟ್’ ಅಡ್ಜೆಕ್ಟಿವೋ, ಅಡ್ವರ್ಬೋ?

ಸಾಧನಕೇರಿ ತಾಯಿ

ನಮಸ್ಕಾರ. ಮಗಳು ಏಳನೆಯ ತರಗತಿಯಲ್ಲಿದ್ದಾಳೆ. ಐದರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಆಮೇಲೆ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದವಳು. ಕಳೆದ ವಾರದ ಕಿರುಪರೀಕ್ಷೆಯಲ್ಲಿ ಹತ್ತು ವಾಕ್ಯ ಕೊಟ್ಟು, ಗೆರೆ ಎಳೆದ ಪದ ಯಾವ ವರ್ಗದ್ದು ಎಂದು ಕೇಳಿದ್ದರು. ಒಂದು ವಾಕ್ಯ ‘ದಿ ಮ್ಯಾಂಗೋ ಟೇಸ್ಟ್ಸ್ ಸ್ವೀಟ್’. ‘ಸ್ವೀಟ್’ ಅಡ್ಜೆಕ್ಟಿವ್ (ವಸ್ತುವಿನ ಗುಣ ಹೇಳುವ ಪದ) ಎಂದು ಮಗಳು ಬರೆದಿದ್ದಾಳೆ. ಅದಕ್ಕೆ ಕೆಂಪು ಶಾಯಿಯಲ್ಲಿ ತಪ್ಪು ಹಾಕಿ, ಪಕ್ಕದಲ್ಲಿ ‘ಅಡ್ವರ್ಬ್’ (ಕ್ರಿಯಾಪದವನ್ನು ವಿವರಿಸುವ ಪದ) ಎಂದು ತಿದ್ದಿದ್ದಾರೆ. ಯಾಕೆ ಎಂದು ಅವಳು ಕೇಳಿದಾಗ ಸಿಕ್ಕ ಉತ್ತರ: ಹೇಗೆ ರುಚಿಸುತ್ತದೆ? ಸಿಹಿಯಾಗಿ. ‘ಹೇಗೆ’ ಎಂಬ ಪ್ರಶ್ನೆಗೆ ಉತ್ತರವಾಗಿ ಬಂದದ್ದು ಅಡ್ವರ್ಬ್.

ಹೋದ ಒಂದು ಅಂಕದ ಬಗ್ಗೆ ನನಗೆ ಚಿಂತೆಯಿಲ್ಲ. ಎರಡು ದಿನದಿಂದ ಯಾವ ಪದ ಕಂಡರೂ ‘ಅವ್ವಾ, ಇದು ಯಾವುದು?’ ಎಂದು ಕೇಳುತ್ತಾಳೆ. ಉತ್ತರ ಹೇಳುವ ಧೈರ್ಯ ನನಗಿಲ್ಲ. ಯಾರು ಸರಿ? ಮನೆಯಲ್ಲಿ ಕುಳಿತು ಹೇಳಿಕೊಡಲು ಬರುವ ಹಾಗೆ ತಿಳಿಸಿ.

ಸ್ಪರ್ಧಾರ್ಥಿ ಸಪ್ತಾಪುರ

ಅಕ್ಕಾ, ಟೀಚರ್ ಹೇಳಿದ್ದೇ ಸರಿ. ನಮಗೆ ತರಬೇತಿಯಲ್ಲಿ ಕಲಿಸಿದ್ದು ಇದನ್ನೇ. ‘ಎಂಥ’ ಎಂದು ಕೇಳಿದರೆ ಅಡ್ಜೆಕ್ಟಿವ್ ಸಿಗುತ್ತದೆ, ‘ಹೇಗೆ’ ಎಂದು ಕೇಳಿದರೆ ಅಡ್ವರ್ಬ್ ಸಿಗುತ್ತದೆ. ಕ್ರಿಯಾಪದದ ಪಕ್ಕ ನಿಂತದ್ದು ಕ್ರಿಯಾಪದವನ್ನೇ ವಿವರಿಸುತ್ತದೆ. ಈ ಒಂದು ಸೂತ್ರದಿಂದ ಬಹಳ ಅಂಕ ಗಳಿಸಿದ್ದೇನೆ.

ನವನಗರ ನಿವಾಸಿ

ಮಗಳು ಸರಿ. ಅದು ಅಡ್ವರ್ಬ್ ಆಗಿದ್ದರೆ ‘ಸ್ವೀಟ್‌ಲಿ’ ಎಂದು ಇರಬೇಕಿತ್ತು. ‘ಲಿ’ ಇದ್ದರೆ ಅಡ್ವರ್ಬ್, ಇಲ್ಲದಿದ್ದರೆ ಅಡ್ಜೆಕ್ಟಿವ್. ಮುಗಿಯಿತು.

ಹಾನಗಲ್ ಬಿ.ಎಡ್.

ನವನಗರದ ಸರ್, ನಿಮ್ಮ ಉತ್ತರ ಸರಿ, ಕಾರಣ ಸರಿಯಲ್ಲ. ‘ಫ್ರೆಂಡ್ಲಿ’, ‘ಲವ್ಲಿ’, ‘ಲೋನ್ಲಿ’, ‘ಎಲ್ಡರ್ಲಿ’ ಎಲ್ಲದರಲ್ಲೂ ‘ಲಿ’ ಇದೆ, ಎಲ್ಲವೂ ಅಡ್ಜೆಕ್ಟಿವ್. ‘ಫಾಸ್ಟ್’ನಲ್ಲಿ ‘ಲಿ’ ಇಲ್ಲ, ಆದರೂ ‘ದಿ ಬಸ್ ರನ್ಸ್ ಫಾಸ್ಟ್’ ಎಂದಾಗ ಅದು ಅಡ್ವರ್ಬ್. ಬಾಲ ನೋಡಿ ಪ್ರಾಣಿಯನ್ನು ಹೇಳಲು ಹೊರಟರೆ ಮಕ್ಕಳು ದಾರಿ ತಪ್ಪುತ್ತಾರೆ.

ಬೆಟಗೇರಿ ಮಾಸ್ತರ

ತಾಯಿಯವರೇ, ನಿಮ್ಮ ಮಗಳ ಉತ್ತರ ಸರಿ. ಮೂವತ್ತು ವರ್ಷ ಗದಗ ಜಿಲ್ಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾಗಿದ್ದೇನೆ. ಈ ತಪ್ಪು ನಮ್ಮ ಭಾಗದಲ್ಲಿ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಹೇಳುತ್ತೇನೆ. ಅದು ತಿಳಿಯದೆ ಬರೀ ಉತ್ತರ ತಿದ್ದಿದರೆ ಮುಂದಿನ ಪರೀಕ್ಷೆಯಲ್ಲಿ ಮತ್ತೆ ಇದೇ ಆಗುತ್ತದೆ.

ಕನ್ನಡದಲ್ಲಿ ‘ಹೂವು ಸುಂದರವಾಗಿದೆ’ ಎನ್ನುತ್ತೇವೆ. ‘ಅವಳು ಸುಂದರವಾಗಿ ಹಾಡಿದಳು’ ಎಂದೂ ಹೇಳುತ್ತೇವೆ. ಎರಡರಲ್ಲೂ ‘ಆಗಿ’ ಇದೆ. ಮೊದಲನೆಯದು ಹೂವಿನ ಗುಣ, ಎರಡನೆಯದು ಹಾಡಿದ ರೀತಿ. ನಮ್ಮ ಭಾಷೆ ಎರಡಕ್ಕೂ ಒಂದೇ ಉಡುಪು ಹಾಕುತ್ತದೆ. ಇಂಗ್ಲಿಷ್ ಹಾಗೆ ಮಾಡುವುದಿಲ್ಲ: ಹೂವು ‘ಬ್ಯೂಟಿಫುಲ್’, ಹಾಡುವುದು ‘ಬ್ಯೂಟಿಫುಲಿ’. ಮಗು ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿ, ‘ಸಿಹಿಯಾಗಿ’ಯಲ್ಲಿ ‘ಆಗಿ’ಯನ್ನು ಕಂಡು ಅಡ್ವರ್ಬ್ ಎಂದುಬಿಡುತ್ತದೆ. ಮಗುವಿನ ಮಾತೇಕೆ, ಕಲಿಸುವವರೂ ಹಾಗೇ ಜಾರುತ್ತಾರೆ. ‘ಹೇಗೆ’ ಎಂಬ ಪ್ರಶ್ನೆಯೂ ಅಷ್ಟೇ. ‘ಹೂವು ಹೇಗಿದೆ?’ ಎಂದು ಕೇಳಿದರೂ ಉತ್ತರ ಬರುತ್ತದೆಯಲ್ಲ?

ಮನೆಯಲ್ಲಿ ಮಾಡಿ ನೋಡಲು ಒಂದು ಪರೀಕ್ಷೆ: ಕ್ರಿಯಾಪದವನ್ನು ತೆಗೆದು ‘ಈಸ್’ ಹಾಕಿ. ‘ದಿ ಮ್ಯಾಂಗೋ ಈಸ್ ಸ್ವೀಟ್’. ಅರ್ಥ ಹೆಚ್ಚು ಕೆಡಲಿಲ್ಲ. ಎಂದರೆ ‘ಟೇಸ್ಟ್ಸ್’ ಇಲ್ಲಿ ಹಣ್ಣಿಗೂ ಅದರ ಗುಣಕ್ಕೂ ನಡುವೆ ಕೊಂಡಿಯಾಗಿ ನಿಂತಿದೆ. ಸಿಹಿ ಇರುವುದು ಹಣ್ಣಿನಲ್ಲಿ, ಆದ್ದರಿಂದ ಅಡ್ಜೆಕ್ಟಿವ್. ‘ಲುಕ್’, ‘ಸ್ಮೆಲ್’, ‘ಫೀಲ್’, ‘ಸೌಂಡ್’, ‘ಸೀಮ್’, ‘ಬಿಕಮ್’ ಇವೂ ಇದೇ ಕೊಂಡಿಯ ಕೆಲಸ ಮಾಡುತ್ತವೆ.

ಇನ್ನೊಂದು ಜೋಡಿ ನೋಡಿ. ‘ಹಿ ಲುಕ್ಡ್ ಆಂಗ್ರಿ’: ಅವನ ಮುಖದಲ್ಲಿ ಸಿಟ್ಟಿದೆ. ‘ಹಿ ಲುಕ್ಡ್ ಆಂಗ್ರಿಲಿ ಅಟ್ ದಿ ಕಂಡಕ್ಟರ್’: ಇಲ್ಲಿ ಅವನು ಕಣ್ಣಿನಿಂದ ಒಂದು ಕೆಲಸ ಮಾಡಿದ, ಸಿಟ್ಟಿನಿಂದ ಮಾಡಿದ. ‘ಲುಕ್’ ಒಂದೇ, ಕೆಲಸ ಬೇರೆ.

ಸಾಧನಕೇರಿ ತಾಯಿ

ಗುರುಗಳೇ, ‘ಆಗಿ’ಯ ಮಾತು ಓದಿ ಮಗಳನ್ನು ಕರೆದು ತೋರಿಸಿದೆ. ‘ಅದಕ್ಕೇ ನಾನು ಮೊದಲು ಅಡ್ವರ್ಬ್ ಎಂದು ಬರೆದು, ಒರೆಸಿ ಅಡ್ಜೆಕ್ಟಿವ್ ಮಾಡಿದ್ದು’ ಎಂದಳು. ಉತ್ತರಪತ್ರಿಕೆಯಲ್ಲಿ ರಬ್ಬರಿನ ಗುರುತು ನಿಜವಾಗಿಯೂ ಇದೆ.

ಸ್ಪರ್ಧಾರ್ಥಿ ಸಪ್ತಾಪುರ

ಸರ್, ಗೌರವದಿಂದಲೇ ಕೇಳುತ್ತೇನೆ. ಪರೀಕ್ಷೆಯಲ್ಲಿ ಒಂದು ಪ್ರಶ್ನೆಗೆ ಸಿಗುವುದು ಒಂದು ನಿಮಿಷಕ್ಕಿಂತ ಕಡಿಮೆ. ಇಷ್ಟೆಲ್ಲ ಯೋಚಿಸಲು ಸಮಯ ಎಲ್ಲಿದೆ? ‘ಹೇಗೆ’ ಸೂತ್ರ ಹತ್ತರಲ್ಲಿ ಎಂಟು ಸಲ ಸರಿಯಾಗುತ್ತದೆ.

ಬೆಟಗೇರಿ ಮಾಸ್ತರ

ತಮ್ಮಾ, ತಪ್ಪುವ ಆ ಎರಡನ್ನೇ ಪ್ರಶ್ನೆಪತ್ರಿಕೆ ತೆಗೆಯುವವರು ಹುಡುಕಿ ಹಾಕುತ್ತಾರೆ. ‘ಈಸ್’ ಹಾಕಿ ನೋಡಲು ಮೂರು ಸೆಕೆಂಡು ಸಾಕು.

ವಿದ್ಯಾಗಿರಿ ಅಜ್ಜ

ನಮ್ಮ ಕಾಲದಲ್ಲಿ ಎಂಟು ವರ್ಗಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಪ್ರತಿಯೊಂದಕ್ಕೂ ಕನ್ನಡದ ಹೆಸರು ಇತ್ತು: ನಾಮಪದ, ಸರ್ವನಾಮ, ಗುಣವಾಚಕ, ಕ್ರಿಯಾಪದ, ಹೀಗೆ. ಕನ್ನಡ ವ್ಯಾಕರಣ ಗಟ್ಟಿಯಾಗಿದ್ದರೆ ಇಂಗ್ಲಿಷ್ ತಾನಾಗಿ ಬರುತ್ತದೆ. ಮಾಸ್ತರರು ಕನ್ನಡವೇ ತಪ್ಪಿಗೆ ಕಾರಣ ಎನ್ನುವ ಹಾಗೆ ಬರೆದದ್ದು ನನಗೆ ಒಪ್ಪಿಗೆಯಾಗಲಿಲ್ಲ.

ಹಾನಗಲ್ ಬಿ.ಎಡ್.

ಅಜ್ಜಾ, ಕನ್ನಡ ವ್ಯಾಕರಣ ಬರಬೇಕು ಎಂಬ ನಿಮ್ಮ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಆದರೆ ಒಂದು ವಿಷಯ ಗಮನಿಸಿ. ನಮ್ಮ ಶಾಲೆಯ ಕನ್ನಡ ವ್ಯಾಕರಣದಲ್ಲಿ ಗುಣವಾಚಕ ಬರುವುದು ನಾಮಪದದ ಒಳಗೆ. ವಸ್ತುವಾಚಕ, ಗುಣವಾಚಕ, ಸಂಖ್ಯಾವಾಚಕ, ಭಾವನಾಮ, ದಿಗ್ವಾಚಕ ಎಲ್ಲವೂ ನಾಮಪದದ ಬಗೆಗಳು. ಇಂಗ್ಲಿಷಿನಲ್ಲಿ ಅಡ್ಜೆಕ್ಟಿವ್ ಬೇರೆಯೇ ಒಂದು ವರ್ಗ. ‘ಗುಣವಾಚಕ ಎಂದರೆ ಅಡ್ಜೆಕ್ಟಿವ್’ ಎಂದು ಸಮ ಹಾಕಿದ ಕೂಡಲೇ ಮಗುವಿನ ತಲೆಯಲ್ಲಿ ಎರಡು ನಕ್ಷೆಗಳು ಒಂದರ ಮೇಲೊಂದು ಕೂರುತ್ತವೆ.

ಇಂಗ್ಲಿಷ್ ಕೂಡ ಹಿಂದೆ ನಮ್ಮ ಹಾಗೆಯೇ ಇತ್ತು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಗ್ರೀಕ್ ವೈಯಾಕರಣ ಡಯೊನೀಸಿಯಸ್ ಥ್ರಾಕ್ಸ್‌ನ ಹೆಸರಿನಲ್ಲಿ ಬಂದಿರುವ ಎಂಟು ವರ್ಗಗಳಲ್ಲಿ ಅಡ್ಜೆಕ್ಟಿವ್ ಇಲ್ಲವೇ ಇಲ್ಲ. ಅದನ್ನು ನಾಮಪದದಲ್ಲೇ ಸೇರಿಸಿದ್ದರು. ಲ್ಯಾಟಿನ್ ಅದನ್ನೇ ಅನುಸರಿಸಿತು. ಹಳೆಯ ಇಂಗ್ಲಿಷ್ ವ್ಯಾಕರಣಗಳಲ್ಲೂ ‘ನೌನ್ ಸಬ್‌ಸ್ಟಾಂಟಿವ್’ (ಹೆಸರು ಹೇಳುವ ನಾಮಪದ), ‘ನೌನ್ ಅಡ್ಜೆಕ್ಟಿವ್’ (ಗುಣ ಹೇಳುವ ನಾಮಪದ) ಎಂಬ ಎರಡು ಬಗೆಗಳಿದ್ದವು. ಅಡ್ಜೆಕ್ಟಿವ್ ತನ್ನದೇ ಮನೆ ಕಟ್ಟಿಕೊಂಡು ನೆಲೆಯಾದದ್ದು 18ನೆಯ ಶತಮಾನದ ಹೊತ್ತಿಗೆ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಕನ್ನಡಕ್ಕೆ ಸಂಸ್ಕೃತ ವ್ಯಾಕರಣದ ಅಚ್ಚು ಹೊಂದುವುದಿಲ್ಲ ಎಂದು ದಶಕಗಳ ಕಾಲ ವಾದಿಸಿದರು. ಇಂಗ್ಲಿಷಿನ ಅಚ್ಚೂ ಹಾಗೆಯೇ ಎಂದು ನಾನು ಸೇರಿಸುತ್ತೇನೆ.

ವಿದ್ಯಾಗಿರಿ ಅಜ್ಜ

ನಾಮಪದದ ಒಳಗೇ ಇದೆ ಎಂಬ ಮಾತು ನಿಜ. ಇಷ್ಟು ವರ್ಷ ಹೇಳುತ್ತ ಬಂದರೂ ಹೀಗೆ ಯೋಚಿಸಿರಲಿಲ್ಲ ಮಗಳೇ.

ಬ್ಯಾಡಗಿ ವ್ಯಾಪಾರಿ

ಇಲ್ಲಿ ನನ್ನದೊಂದು ಪ್ರಶ್ನೆ. ‘ಬ್ಯಾಡಗಿ ಚಿಲ್ಲಿ’ ಎನ್ನುವಾಗ ‘ಬ್ಯಾಡಗಿ’ ಅಡ್ಜೆಕ್ಟಿವೋ? ಎಂಥ ಮೆಣಸಿನಕಾಯಿ ಎಂದರೆ ಬ್ಯಾಡಗಿ ಮೆಣಸಿನಕಾಯಿ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕ ಹೆಸರು ಇದು. ನನ್ನ ಮಗ ಚೀಲದ ಮೇಲಿನ ಚೀಟಿಗೆ ‘ಬ್ಯಾಡಗಿ ರೆಡ್ ಲಾಂಗ್ ಚಿಲ್ಲಿ’ ಎಂದು ಬರೆಸಿದ್ದ. ಹೊರ ರಾಜ್ಯದ ಖರೀದಿದಾರರೊಬ್ಬರು ಅದನ್ನು ‘ಲಾಂಗ್ ರೆಡ್ ಬ್ಯಾಡಗಿ ಚಿಲ್ಲಿ’ ಎಂದು ತಿದ್ದಿ ಕಳಿಸಿದರು. ಕನ್ನಡದಲ್ಲಿ ಯಾವುದನ್ನು ಮುಂದೆ ಹಾಕಿದರೂ ನಡೆಯುತ್ತದೆ. ಅಲ್ಲಿ ಯಾಕೆ ನಡೆಯುವುದಿಲ್ಲ?

ಬೆಟಗೇರಿ ಮಾಸ್ತರ

ಸಾಹುಕಾರರೇ, ಖರೀದಿದಾರರು ತಿದ್ದಿದ್ದು ಸರಿ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ನಮ್ಮ ಅಭಿಪ್ರಾಯ ಮೊದಲು, ಆಮೇಲೆ ಗಾತ್ರ, ವಯಸ್ಸು, ಆಕಾರ, ಬಣ್ಣ, ಊರು, ಯಾವುದರಿಂದ ಮಾಡಿದ್ದು ಎಂಬ ಸರಣಿಯಲ್ಲಿ ಪದಗಳು ನಿಲ್ಲುತ್ತವೆ. ಉದ್ದ ಮುಂದೆ, ಕೆಂಪು ಅದರ ಹಿಂದೆ, ಬ್ಯಾಡಗಿ ಮೆಣಸಿನಕಾಯಿಗೆ ತಾಗಿಕೊಂಡು. ವಸ್ತುವಿನ ಮೈಗೆ ಅಂಟಿದ ಗುಣ ಹೆಸರಿಗೆ ಹತ್ತಿರ ಕೂರುತ್ತದೆ ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ.

‘ಬ್ಯಾಡಗಿ’ ಮಾತ್ರ ಅಡ್ಜೆಕ್ಟಿವ್ ಅಲ್ಲ. ಅದು ಊರಿನ ಹೆಸರು, ನಾಮಪದ. ಇನ್ನೊಂದು ನಾಮಪದದ ಮುಂದೆ ನಿಂತು ಅದರ ಬಗೆಯನ್ನು ಹೇಳುತ್ತಿದೆ, ಅಷ್ಟೇ. ನಿಮ್ಮ ಪೇಟೆಯ ಮೆಣಸಿನಕಾಯಿ ಬಗೆಗಳಾದ ‘ಡಬ್ಬಿ’, ‘ಕಡ್ಡಿ’ ಕೂಡ ಹಾಗೆಯೇ.

ಸ್ಪರ್ಧಾರ್ಥಿ ಸಪ್ತಾಪುರ

ಇದನ್ನು ಒಪ್ಪುವುದಿಲ್ಲ ಸರ್. ‘ಕಾಟನ್ ಶರ್ಟ್’ನಲ್ಲಿ ‘ಕಾಟನ್’ ಅಡ್ಜೆಕ್ಟಿವ್ ಎಂದು ಹಳೆಯ ಉತ್ತರಸೂಚಿಗಳಲ್ಲಿ ಕಂಡಿದ್ದೇನೆ. ಗುಣ ಹಣ್ಣಿನಲ್ಲಿದ್ದರೆ, ಎಂದರೆ ನಾಮಪದವನ್ನು ವಿವರಿಸಿದರೆ, ಅಡ್ಜೆಕ್ಟಿವ್ ಎಂದವರೂ ನೀವೇ. ನಿಮ್ಮ ‘ಈಸ್’ ಪರೀಕ್ಷೆಯೂ ಹಾಯುತ್ತದೆ: ‘ದಿ ಶರ್ಟ್ ಈಸ್ ಕಾಟನ್’. ಇನ್ನೇನು ಬೇಕು?

ಹಾನಗಲ್ ಬಿ.ಎಡ್.

ಒಳ್ಳೆಯ ಪೆಟ್ಟು. ಆದರೆ ‘ವೆರಿ ಕಾಟನ್ ಶರ್ಟ್’ ಎನ್ನಲು ಬರುವುದಿಲ್ಲ. ‘ಮೋರ್ ಕಾಟನ್ ದ್ಯಾನ್ ದಟ್ ಶರ್ಟ್’ ಎಂದೂ ಆಗುವುದಿಲ್ಲ.

ಸ್ಪರ್ಧಾರ್ಥಿ ಸಪ್ತಾಪುರ

‘ವುಡನ್’ಗೂ ‘ವೆರಿ’ ಹತ್ತುವುದಿಲ್ಲ, ‘ವುಡನ್ ಟೇಬಲ್’ನಲ್ಲಿ ಅದನ್ನು ಎಲ್ಲರೂ ಅಡ್ಜೆಕ್ಟಿವ್ ಎನ್ನುತ್ತಾರೆ. ‘ಮೇನ್ ರೋಡ್’ನ ‘ಮೇನ್’ಗೆ ‘ವೆರಿ’ಯೂ ಇಲ್ಲ, ‘ದಿ ರೋಡ್ ಈಸ್ ಮೇನ್’ ಎಂದೂ ಬರುವುದಿಲ್ಲ. ಅದೂ ಅಡ್ಜೆಕ್ಟಿವ್ ಅಲ್ಲ ಎನ್ನುತ್ತೀರಾ?

ಬೆಟಗೇರಿ ಮಾಸ್ತರ

ತಮ್ಮ ಎತ್ತಿದ ಎರಡೂ ಆಕ್ಷೇಪಗಳು ನ್ಯಾಯವಾಗಿವೆ, ಅವನ್ನು ಒಪ್ಪಿಕೊಂಡೇ ಉತ್ತರಿಸುತ್ತೇನೆ. ಒಂದೇ ಪರೀಕ್ಷೆಯಿಂದ ಅಡ್ಜೆಕ್ಟಿವ್ ತೀರ್ಮಾನವಾಗುವುದಿಲ್ಲ. ‘ಮೇನ್’, ‘ಫಾರ್ಮರ್’, ‘ಮಿಯರ್’ ಹೆಸರಿನ ಮುಂದೆ ಮಾತ್ರ ನಿಲ್ಲುತ್ತವೆ. ‘ಅಸ್ಲೀಪ್’, ‘ಅಫ್ರೇಡ್’, ‘ಅಲೈವ್’ ಇದಕ್ಕೆ ತಿರುವುಮುರುವು: ‘ದಿ ಬೇಬಿ ಈಸ್ ಅಸ್ಲೀಪ್’ ಸರಿ, ‘ದಿ ಅಸ್ಲೀಪ್ ಬೇಬಿ’ ತಪ್ಪು. ಎಲ್ಲ ಪರೀಕ್ಷೆಗಳನ್ನೂ ಹಾಯುವ ‘ಬಿಗ್’, ‘ಸ್ವೀಟ್’ನಂಥವು ನಡುಮನೆಯಲ್ಲಿವೆ, ಉಳಿದವು ಪಡಸಾಲೆಯಲ್ಲಿವೆ.

ಹಾಗಾದರೆ ‘ಕಾಟನ್’ ಯಾಕೆ ಮನೆಯ ಹೊರಗೆ? ಹುಬ್ಬಳ್ಳಿಯ ಕಾಟನ್ ಮಾರ್ಕೆಟ್ ಎಲ್ಲರಿಗೂ ಗೊತ್ತು. ಅದರ ಮುಂದೆ ‘ರಾ’ ಎಂಬ ಪದ ಹಾಕಿ: ‘ರಾ ಕಾಟನ್ ಮಾರ್ಕೆಟ್’. ಹಸಿಯಾದದ್ದು ಪೇಟೆಯಲ್ಲ, ಹತ್ತಿ. ‘ಕಾಟನ್’ ತನ್ನ ಮುಂದೆ ಒಂದು ಅಡ್ಜೆಕ್ಟಿವನ್ನು ಇಟ್ಟುಕೊಂಡಿತು. ಅದು ನಾಮಪದ ಮಾಡುವ ಕೆಲಸ. ಅಡ್ಜೆಕ್ಟಿವ್ ಆಗಿದ್ದರೆ ತನ್ನ ಮುಂದೆ ‘ವೆರಿ’ಯಂಥ ಅಡ್ವರ್ಬನ್ನು ಕರೆಯುತ್ತಿತ್ತು. ಈ ಗುರುತನ್ನು ಬೋಧನೆಯ ಹತ್ತನೆಯ ವರ್ಷದಲ್ಲಿ ಕಂಡುಕೊಂಡೆ. ಅಲ್ಲಿಯವರೆಗೆ ಕಲಿಸಿದ ಮಕ್ಕಳ ನೆನಪು ಇಂದಿಗೂ ಬರುತ್ತದೆ.

ಹಳೆಯ ಪುಸ್ತಕಗಳು ‘ಕಾಟನ್’ ಅನ್ನು ಅಡ್ಜೆಕ್ಟಿವ್ ಎಂದದ್ದು ಅದರ ಕೆಲಸ ನೋಡಿ. ಈಗಿನ ವ್ಯಾಕರಣಗಳು ಪದದ ವರ್ಗ ಬೇರೆ, ವಾಕ್ಯದಲ್ಲಿ ಅದು ಮಾಡುವ ಕೆಲಸ ಬೇರೆ ಎಂದು ಎರಡು ಖಾತೆ ಇಡುತ್ತವೆ. ನಿಮ್ಮ ಪರೀಕ್ಷೆಯ ಉತ್ತರಸೂಚಿ ಹಳೆಯದನ್ನು ಹಿಡಿದಿದ್ದರೆ ಅಲ್ಲಿ ಹಾಗೇ ಬರೆಯಿರಿ, ಅಂಕ ಕಳೆದುಕೊಳ್ಳಬೇಡಿ. ವಿಷಯ ಮಾತ್ರ ಇದು.

ಸ್ಪರ್ಧಾರ್ಥಿ ಸಪ್ತಾಪುರ

‘ರಾ ಕಾಟನ್’ ಉದಾಹರಣೆಗೆ ನನ್ನ ಬಳಿ ಎದುರುತ್ತರ ಇಲ್ಲ. ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ.

ನವನಗರ ನಿವಾಸಿ

‘ಫಾಸ್ಟ್’ ಮಾತು ಬಂತಲ್ಲ, ದಿನಾ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವವನು ನಾನು. ‘ಎ ಫಾಸ್ಟ್ ಬಸ್’ನಲ್ಲಿ ಅಡ್ಜೆಕ್ಟಿವ್, ‘ರನ್ಸ್ ಫಾಸ್ಟ್’ನಲ್ಲಿ ಅಡ್ವರ್ಬ್ ಎಂಬುದು ಈಗ ತಿಳಿಯಿತು. ‘ಲಾಂಗ್’ ಕೂಡ ಹೀಗೆಯೇ ಇರಬೇಕು. ನಮ್ಮ ಹುಬ್ಬಳ್ಳಿ ನಿಲ್ದಾಣದ ಪ್ಲಾಟ್‌ಫಾರ್ಮ್ ‘ಲಾಂಗೆಸ್ಟ್’ ಎಂದಾಗ ಅಡ್ಜೆಕ್ಟಿವ್, ‘ಐ ವೇಟೆಡ್ ಲಾಂಗ್’ ಎಂದಾಗ ಅಡ್ವರ್ಬ್. ಸರಿಯೇ?

ಲಕ್ಕುಂಡಿ ಮಂದಿ

ಸರಿ. ಆ ಪ್ಲಾಟ್‌ಫಾರ್ಮ್ 1,505 ಮೀಟರ್ ಅಲ್ಲವೇ?

ನವನಗರ ನಿವಾಸಿ

1,507 ಮೀಟರ್. 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಒಂದು ತುದಿಯಿಂದ ಇನ್ನೊಂದು ತುದಿಗೆ ತಾಯಿಯ ಜೊತೆ ನಡೆದಿದ್ದೇನೆ, ಅಂಕಿ ಮರೆಯುವುದಿಲ್ಲ.

ಲಕ್ಕುಂಡಿ ಮಂದಿ

ಒಪ್ಪಿದೆ. ನಮ್ಮೂರಿನ ಪದ ಒಂದು ಹೇಳುತ್ತೇನೆ: ‘ವೆಲ್’. ಲಕ್ಕುಂಡಿಯಲ್ಲಿ ನೂರೊಂದು ಗುಡಿ, ನೂರೊಂದು ಬಾವಿ ಎಂಬ ಮಾತಿದೆ. ಮುಸುಕಿನ ಬಾವಿ ನೋಡಲು ಬಂದ ಪ್ರವಾಸಿಗರಿಗೆ ‘ಸ್ಟೆಪ್ ವೆಲ್’ ಎಂದು ತೋರಿಸುವಾಗ ಅದು ನಾಮಪದ. ‘ಶಿ ಸಿಂಗ್ಸ್ ವೆಲ್’ನಲ್ಲಿ ಅಡ್ವರ್ಬ್. ‘ಐ ಆಮ್ ವೆಲ್’ನಲ್ಲಿ ಅಡ್ಜೆಕ್ಟಿವ್. ‘ವೆಲ್, ಲೆಟ್ ಅಸ್ ಗೋ’ ಎಂದಾಗ ಉದ್ಗಾರ. ಒಂದೇ ಪದ, ನಾಲ್ಕು ಮನೆ. ಯಾವ ವರ್ಗ ಎಂದು ಪದವನ್ನು ಮಾತ್ರ ಕೊಟ್ಟು ಕೇಳಿದರೆ ಉತ್ತರವೇ ಇಲ್ಲ, ವಾಕ್ಯ ಬೇಕು.

ಹಾನಗಲ್ ಬಿ.ಎಡ್.

‘ರೌಂಡ್’ ಐದು ಮನೆ ತಿರುಗುತ್ತದೆ. ‘ಎ ರೌಂಡ್ ಪ್ಲೇಟ್’ ಅಡ್ಜೆಕ್ಟಿವ್. ‘ದಿ ಫಸ್ಟ್ ರೌಂಡ್’ ನಾಮಪದ. ‘ದಿ ಬಸ್ ರೌಂಡೆಡ್ ದಿ ಕಾರ್ನರ್’ ಕ್ರಿಯಾಪದ. ‘ವಿ ವಾಕ್ಡ್ ರೌಂಡ್ ಉಣಕಲ್ ಲೇಕ್’ನಲ್ಲಿ ಪ್ರಿಪೊಸಿಷನ್. ‘ಹಿ ಟರ್ನ್ಡ್ ರೌಂಡ್’ನಲ್ಲಿ ಅಡ್ವರ್ಬ್. ಅಭ್ಯಾಸ ಪಾಠದಲ್ಲಿ ಇದನ್ನು ಕರಿಹಲಗೆಯ ಮೇಲೆ ಬರೆದಾಗ ಮಕ್ಕಳು ಇನ್ನೊಂದು ಪದ ಹೇಳಿ, ಇನ್ನೊಂದು ಎಂದು ಗಂಟೆ ಬಾರಿಸಿದರೂ ಬಿಡಲಿಲ್ಲ.

ರಾಣೆಬೆನ್ನೂರು ಅಣ್ಣ

ಯಾರೂ ಹೇಳದ ಒಂದು ಕಷ್ಟ ಹೇಳುತ್ತೇನೆ. ನನ್ನ ತಮ್ಮ ಸಂದರ್ಶನದಲ್ಲಿ ‘ಐ ಆಮ್ ವೆರಿ ಇಂಟರೆಸ್ಟಿಂಗ್ ಇನ್ ದಿಸ್ ವರ್ಕ್’ ಎಂದನಂತೆ. ಎದುರಿಗಿದ್ದವರ ಮುಖ ಬದಲಾಯಿತು, ಅವನಿಗೆ ಕಾರಣ ತಿಳಿಯಲಿಲ್ಲ. ಮನೆಗೆ ಬಂದು ಊಟ ಬಿಟ್ಟು ಕೂತಿದ್ದ. ಕಾಮರ್ಸ್‌ನಲ್ಲಿ ತರಗತಿಗೇ ಮೊದಲಿಗ ಅವನು. ಎರಡೂ ಅಡ್ಜೆಕ್ಟಿವ್ ತಾನೇ, ವ್ಯತ್ಯಾಸ ಏನು ಎಂದು ಯಾರೂ ಅವನಿಗೆ ಕಲಿಸಿರಲಿಲ್ಲ.

ಬೆಟಗೇರಿ ಮಾಸ್ತರ

ತಮ್ಮನಿಗೆ ಹೀಗೆ ಹೇಳಿ. ‘ಇಂಗ್’ ಇದ್ದದ್ದು ಭಾವನೆಯನ್ನು ಹುಟ್ಟಿಸುವ ಕಡೆ ಇರುತ್ತದೆ, ‘ಎಡ್’ ಇದ್ದದ್ದು ಭಾವನೆ ಹುಟ್ಟಿದ ಕಡೆ. ಕೆಲಸ ‘ಇಂಟರೆಸ್ಟಿಂಗ್’, ನಾನು ‘ಇಂಟರೆಸ್ಟೆಡ್’. ಪಾಠ ‘ಬೋರಿಂಗ್’, ಮಗು ‘ಬೋರ್ಡ್’. ನಮ್ಮಲ್ಲಿ ‘ನನಗೆ ಬೇಸರವಾಗಿದೆ’ ಎಂದು ‘ನನಗೆ’ ಹಚ್ಚಿ ಹೇಳುತ್ತೇವೆ. ಬೇಸರ ಬರುತ್ತದೆ, ನಾವು ಅದನ್ನು ಪಡೆಯುತ್ತೇವೆ. ಇಂಗ್ಲಿಷಿನಲ್ಲಿ ಮನುಷ್ಯನೇ ವಾಕ್ಯದ ಕರ್ತೃವಿನ ಜಾಗದಲ್ಲಿ ನಿಲ್ಲುವುದರಿಂದ ಈ ಎರಡು ರೂಪಗಳನ್ನು ಬೇರೆ ಮಾಡಿ ಇಡಲೇಬೇಕು. ಅವನ ಬುದ್ಧಿಗೂ ಈ ತಪ್ಪಿಗೂ ಸಂಬಂಧವಿಲ್ಲ ಎಂದು ದಯವಿಟ್ಟು ಅವನಿಗೆ ತಿಳಿಸಿ.

ರಾಣೆಬೆನ್ನೂರು ಅಣ್ಣ

ಓದಿ ತೋರಿಸಿದೆ ಸರ್. ಎರಡು ಸಲ ಓದಿಸಿಕೊಂಡ.

ಬ್ಯಾಡಗಿ ವ್ಯಾಪಾರಿ

‘ಹಾರ್ಡ್’ ಮತ್ತು ‘ಹಾರ್ಡ್ಲಿ’ ಬಗ್ಗೆಯೂ ಯಾರಾದರೂ ಹೇಳಿ. ‘ಹಿ ಹಾರ್ಡ್ಲಿ ವರ್ಕ್ಸ್’ ಎಂದರೆ ಕಷ್ಟಪಟ್ಟು ದುಡಿಯುತ್ತಾನೆ ಎಂದುಕೊಂಡು ಒಬ್ಬ ಹುಡುಗನ ಶಿಫಾರಸು ಪತ್ರಕ್ಕೆ ಸಹಿ ಹಾಕಿದ್ದೇನೆ.

ಹಾನಗಲ್ ಬಿ.ಎಡ್.

ಕಾಕಾ, ಆ ಪತ್ರ ವಾಪಸ್ ತರಿಸಿ. ‘ಹಾರ್ಡ್ಲಿ ವರ್ಕ್ಸ್’ ಎಂದರೆ ಕೆಲಸವನ್ನೇ ಮಾಡುವುದಿಲ್ಲ ಎನ್ನುವಷ್ಟು ಕಡಿಮೆ ಮಾಡುತ್ತಾನೆ ಎಂದು. ‘ಹಿ ವರ್ಕ್ಸ್ ಹಾರ್ಡ್’ ಎಂದು ಬರೆಯಬೇಕಿತ್ತು. ಖಡಕ್ ರೊಟ್ಟಿ ‘ಹಾರ್ಡ್’ ಎಂದಾಗ ಅಡ್ಜೆಕ್ಟಿವ್, ದುಡಿಯುವುದು ‘ಹಾರ್ಡ್’ ಎಂದಾಗ ಅಡ್ವರ್ಬ್. ‘ಹಾರ್ಡ್ಲಿ’ ಅರ್ಥದಲ್ಲಿ ಎರಡಕ್ಕೂ ದೂರ. ಆ ಹುಡುಗನಿಗೆ ಅನ್ಯಾಯವಾಗಬಾರದು.

ಬ್ಯಾಡಗಿ ವ್ಯಾಪಾರಿ

ಇವತ್ತೇ ಫೋನ್ ಮಾಡಿ ಹೊಸ ಪತ್ರ ಕಳಿಸುತ್ತೇನೆ. ಬಹಳ ಉಪಕಾರವಾಯಿತು ಮಗಳೇ.

ವಿದ್ಯಾಗಿರಿ ಅಜ್ಜ

ನನ್ನದೂ ಒಂದು. ‘ಮೈ ಬುಕ್’ನಲ್ಲಿ ‘ಮೈ’ಯನ್ನು ನಾವು ಪೊಸೆಸಿವ್ ಅಡ್ಜೆಕ್ಟಿವ್ ಎಂದು ಕಲಿತೆವು. ಮೊಮ್ಮಗನ ಪುಸ್ತಕದಲ್ಲಿ ‘ಡಿಟರ್ಮಿನರ್’ ಎಂದಿದೆ. ಹೆಸರು ಯಾಕೆ ಬದಲಾಯಿಸಿದರು?

ಹಾನಗಲ್ ಬಿ.ಎಡ್.

‘ಮೈ’, ‘ದಿಸ್’, ‘ದಿ’, ‘ಎವ್ರಿ’ ಎಲ್ಲವೂ ಒಂದೇ ಜಾಗಕ್ಕೆ ಬರುತ್ತವೆ, ಅಜ್ಜಾ. ಅಲ್ಲಿ ಒಂದು ಕೂತರೆ ಇನ್ನೊಂದು ಕೂರುವುದಿಲ್ಲ: ‘ದಿ ಮೈ ಬುಕ್’ ಆಗುವುದಿಲ್ಲ. ನಿಜವಾದ ಅಡ್ಜೆಕ್ಟಿವ್‌ಗಳು ಎಷ್ಟಾದರೂ ಸಾಲಾಗಿ ನಿಲ್ಲುತ್ತವೆ: ‘ಮೈ ಬಿಗ್ ಓಲ್ಡ್ ರೆಡ್ ಬುಕ್’. ಅದಕ್ಕೇ ಬೇರೆ ಹೆಸರು ಕೊಟ್ಟರು. ಕನ್ನಡದಲ್ಲಿ ‘ಈ ನನ್ನ ಪುಸ್ತಕ’ ಎಂದು ಎರಡನ್ನೂ ಸಲೀಸಾಗಿ ಹೇಳುತ್ತೇವೆ, ಆದ್ದರಿಂದ ನಮ್ಮ ಮಕ್ಕಳು ‘ದಿಸ್ ಮೈ ಬುಕ್’ ಎಂದು ಬರೆಯುತ್ತಾರೆ.

ಸಾಧನಕೇರಿ ತಾಯಿ

ಇಂದು ಶಾಲೆಗೆ ಹೋಗಿದ್ದೆ. ಜಗಳಕ್ಕಲ್ಲ, ‘ಈಸ್’ ಪರೀಕ್ಷೆಯನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದೆ. ಅಕ್ಕನವರು ಸಮಾಧಾನದಿಂದ ಓದಿದರು. ‘ದಿ ಮ್ಯಾಂಗೋ ಈಸ್ ಸ್ವೀಟ್’ ಎಂದು ತಾವೇ ಎರಡು ಸಲ ಹೇಳಿ ನೋಡಿದರು. ತಮಗೂ ಶಾಲೆಯಲ್ಲಿ ‘ಹೇಗೆ’ ಸೂತ್ರವನ್ನೇ ಕಲಿಸಿದ್ದರಂತೆ. ನಲವತ್ತೆರಡು ಉತ್ತರಪತ್ರಿಕೆಗಳನ್ನೂ ತರಿಸಿಕೊಂಡು ಆ ಒಂದು ಪ್ರಶ್ನೆಯನ್ನು ಮತ್ತೆ ನೋಡುತ್ತೇನೆ ಎಂದರು. ‘ಆಗಿ’ಯ ವಿಷಯವನ್ನು ತರಗತಿಯಲ್ಲಿ ಹೇಳಲು ಆ ಹಾಳೆಯನ್ನೂ ಇಟ್ಟುಕೊಂಡರು. ಮಾಸ್ತರರಿಗೆ ನಮಸ್ಕಾರ ತಿಳಿಸಿ ಎಂದಿದ್ದಾರೆ.

ಬೆಟಗೇರಿ ಮಾಸ್ತರ

ಆ ತಂಗಿಗೆ ನನ್ನ ನಮಸ್ಕಾರ. ನಲವತ್ತೆರಡು ಪತ್ರಿಕೆಗಳನ್ನು ಮತ್ತೆ ತೆರೆಯುವವರು ಕಡಿಮೆ.

ಸಾಧನಕೇರಿ ತಾಯಿ

ಮಗಳು ಪಕ್ಕದಲ್ಲಿ ಕೂತು ಇನ್ನೊಂದು ಕೇಳಿಸುತ್ತಿದ್ದಾಳೆ. ‘ಐ ಆಮ್ ಗೋಯಿಂಗ್ ಹೋಮ್’ನಲ್ಲಿ ‘ಹೋಮ್’ ನಾಮಪದ ಎಂದಾದರೆ ಅದರ ಮುಂದೆ ‘ಟು’ ಯಾಕಿಲ್ಲ? ‘ಗೋಯಿಂಗ್ ಟು ಸ್ಕೂಲ್’ನಲ್ಲಿ ಇದೆಯಲ್ಲ?

ಸ್ಪರ್ಧಾರ್ಥಿ ಸಪ್ತಾಪುರ

ಇದನ್ನು ನಾನು ಹೇಳುತ್ತೇನೆ. ‘ಹೋಮ್’ ತೆಗೆದು ‘ದೇರ್’ ಹಾಕಿ ನೋಡು ಪುಟ್ಟಿ: ‘ಐ ಆಮ್ ಗೋಯಿಂಗ್ ದೇರ್’. ‘ಟು’ ಬೇಕಾಗಲಿಲ್ಲ. ‘ದೇರ್’ ಎಲ್ಲಿಗೆ ಎಂದು ಹೇಳುವ ಅಡ್ವರ್ಬ್, ಇಲ್ಲಿ ‘ಹೋಮ್’ ಕೂಡ ಅದೇ ಕೆಲಸದಲ್ಲಿದೆ. ‘ದಿಸ್ ಈಸ್ ಮೈ ಹೋಮ್’ ಎಂದಾಗ ಮಾತ್ರ ನಾಮಪದ. ಮಾಸ್ತರರೇ, ಸರಿ ಇದೆಯೇ?

ಬೆಟಗೇರಿ ಮಾಸ್ತರ

ಸರಿ ಇದೆ ತಮ್ಮಾ.